ಗಂಗೆಗೆ ಬಿಟ್ಟ ಸೈಕಲ್ ಸವಾರಿ

ಕಾಶಿಯ ಶಿವಾಲದ ಗಲ್ಲಿಯಲ್ಲಿ ನಿಂತು ಬದರೀನಾರಾಯಣ ಶರ್ಮರ ಮನೆ ಎಲ್ಲಿ ಎಂದು ಕೇಳಿದರೆ ಪಾನ್ ಅಂಗಡಿಯವನು ತಲೆ ಕೆರೆದುಕೊಳ್ಳುತ್ತಾನೆ. "ಸೈಕಲ್ ಪಂಡಿತ್‌ಜೀ" ಎಂದು ಕೇಳಿ ನೋಡಿ, ಗಿರಾಕಿಯನ್ನೂ ಬಿಟ್ಟು ಎದ್ದು ಬಂದು ಬಾಗಿಲವರೆಗೆ ತಲುಪಿಸುತ್ತಾನೆ. ಮೂರು ತಲೆಮಾರಿನಿಂದ ಕನ್ನಡನಾಡಿನ ಯಾತ್ರಿಕರಿಗೆ ಗಂಗಾಪೂಜೆ, ಶ್ರಾದ್ಧ ಮಾಡಿಸಿಕೊಂಡು ಬಂದ ಮನೆತನ ಅದು. ತಾತನನ್ನು ವೇದಮೂರ್ತಿ ಅನ್ನುತ್ತಿದ್ದರು, ಅಪ್ಪನನ್ನು ಶಾಸ್ತ್ರಿಗಳು ಅನ್ನುತ್ತಿದ್ದರು. ಇವರ ಪಾಲಿಗೆ ಬಂದದ್ದು ಸೈಕಲ್ಲು. ಅದಕ್ಕೆ ಅವರಿಗೇನು ಬೇಸರವೇ? ಒಳಗೊಳಗೇ ಖುಷಿ!

ಮನೆಯಲ್ಲಿ ಇರುವುದು ಅವರು, ಹೆಂಡತಿ ಕೃಷ್ಣಮ್ಮ ಮತ್ತು ಐದು ಸೈಕಲ್ಲುಗಳು. ಮಗಳು ಕಾತ್ಯಾಯನಿ ಮದುವೆಯಾಗಿ ಲಖನೌಗೆ ಹೋದ ಮೇಲೆ, ಒಂದು ಕಾಲದಲ್ಲಿ ಅವಳ ತೊಟ್ಟಿಲು ತೂಗಿದ ಕೊಂಡಿಯಲ್ಲಿ ಈಗ ಕೆಂಪು ಸೈಕಲ್ಲು ತೂಗುತ್ತಿದೆ. ಉಗ್ರಾಣದಲ್ಲಿ ಬೇಳೆ ಡಬ್ಬಿಯ ಹಿಂದೊಂದು, ಮಹಡಿ ಮೆಟ್ಟಿಲ ಕೆಳಗೊಂದು. ದೇವರ ಮನೆಯ ಗೋಡೆಗೆ ಒರಗಿಸಿದ ಇನ್ನೊಂದಕ್ಕೆ ಅವಸರದ ಯಾತ್ರಿಕರು ಕುಂಕುಮವನ್ನೂ ಹಚ್ಚಿ ಹೋಗಿದ್ದಾರೆ. ಎಲ್ಲವೂ ಹಳೆಯ ಕಾಲದ ಉಕ್ಕಿನ ರೇಸ್ ಸೈಕಲ್ಲುಗಳು: ಸಣ್ಣ ಕೊಳವೆ, ತೆಳು ಟೈರು, ಟಗರಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲ್ಲು. ಹಸು, ಮೆಟ್ಟಿಲು, ಹಾಲಿನ ಕ್ಯಾನುಗಳನ್ನೆಲ್ಲ ದಾಟಿ ದೊಡ್ಡ ರಸ್ತೆ ಮುಟ್ಟುವವರೆಗೆ ಇವನ್ನು ಹೆಗಲ ಮೇಲೇ ಹೊರಬೇಕು. ಲೆಕ್ಕ ಹಾಕಿದರೆ ಶರ್ಮರು ಸೈಕಲ್ ಮೇಲೆ ಹೋದದ್ದಕ್ಕಿಂತ ಸೈಕಲ್ಲು ಶರ್ಮರ ಮೇಲೆ ಹೋದದ್ದೇ ಹೆಚ್ಚು ಎಂದು ಕೃಷ್ಣಮ್ಮ ಆಡಿಕೊಳ್ಳುತ್ತಾರೆ.

ಈ ಹುಚ್ಚು ಹತ್ತಿದ್ದು ಹುಡುಗನಾಗಿದ್ದಾಗ. ಅಪ್ಪನ ಹತ್ತಿರ ಸಂಸ್ಕೃತ ಕಲಿಯಲು ಬರುತ್ತಿದ್ದ ಪರದೇಶದವನೊಬ್ಬ ಊರಿಗೆ ಹೊರಡುವಾಗ ತನ್ನ ಕೆಂಪು ಸೈಕಲ್ಲನ್ನು ಇವರ ಜಗಲಿಯಲ್ಲೇ ಬಿಟ್ಟುಹೋದ. ಅದನ್ನೇರಿ ಮೊದಲ ಸಲ ಸಾರನಾಥದ ರಸ್ತೆಯಲ್ಲಿ ಹೋದ ಬದರೀನಾರಾಯಣರು ಸಂಧ್ಯಾವಂದನೆಯ ಹೊತ್ತು ಮೀರಿಸಿಕೊಂಡು ಬಂದು ಅಪ್ಪನ ಕೈಲಿ ಬೈಸಿಕೊಂಡರು. ಅಂದಿನಿಂದ ಇಂದಿನವರೆಗೂ ಅದೇ ರಸ್ತೆ, ಅದೇ ಹುಚ್ಚು. ಯಾತ್ರಿಕರಿಲ್ಲದ ಬೆಳಗಾದರೆ ಕಚ್ಚೆ ಬಿಗಿದು, ಕಿವಿಗೆ ಉಲ್ಲನ್ ಟೋಪಿ ಎಳೆದುಕೊಂಡು ಹೊರಟೇಬಿಡುತ್ತಾರೆ.

ಸೈಕಲ್ಲಿನಲ್ಲಿ ಎಷ್ಟು ಸಡಿಲವೋ ಶಾಸ್ತ್ರದಲ್ಲಿ ಅಷ್ಟೇ ಬಿಗಿ ಮನುಷ್ಯ. ಅದರಲ್ಲೂ ಒಂದು ವಿಷಯದಲ್ಲಿ ಅವರನ್ನು ಅಲುಗಾಡಿಸಲು ಬ್ರಹ್ಮನಿಗೂ ಆಗದು. ಕಾಶಿಗೆ ಬಂದವರು ತಮಗೆ ತುಂಬ ಇಷ್ಟವಾದದ್ದೊಂದನ್ನು ಇಲ್ಲೇ ಬಿಟ್ಟು ಹೋಗಬೇಕು, ಅದು ಪದ್ಧತಿ. ಕೈಯಲ್ಲಿ ಗಂಗೆಯ ನೀರು ಹಿಡಿದು, ಗೋತ್ರ ಹೆಸರು ಹೇಳಿ, ಇಂಥದ್ದನ್ನು ಬಿಟ್ಟೆ ಎಂದು ನೀರು ಬಿಟ್ಟರೆ ಮುಗಿಯಿತು, ಸಾಯುವವರೆಗೆ ಅದರ ತಂಟೆಗೆ ಹೋಗುವಂತಿಲ್ಲ. ನಮ್ಮ ಜನ ಏನು ಕಮ್ಮಿಯೇ? ನೂರಕ್ಕೆ ಎಂಬತ್ತು ಮಂದಿ ಹಾಗಲಕಾಯಿ ಬಿಡುತ್ತೇವೆ ಎನ್ನುತ್ತಾರೆ.

ಹಾಗಲಕಾಯಿ ಎಂಬ ಮಾತು ಕಿವಿಗೆ ಬಿದ್ದರೆ ಶರ್ಮರಿಗೆ ಮೈಯೆಲ್ಲ ಉರಿ. "ಏನ್ರೀ, ಗಂಗಮ್ಮನಿಗೇ ಟೋಪಿ ಹಾಕ್ತೀರಾ? ಮನೇಲಿ ಹಾಗಲಕಾಯಿ ಮಾಡಿದ ದಿನ ಹೋಟ್ಲಿಗೆ ಓಡ್ತೀರಿ, ಇಲ್ಲಿ ಬಂದು ತ್ಯಾಗ ಅಂತೀರಾ? ಜೀವಕ್ಕೆ ಹತ್ತಿರವಾದದ್ದು ಹೇಳಿ!" ಎಂದು ಘಾಟಿನ ಮೆಟ್ಟಿಲೆಲ್ಲ ಕೇಳುವ ಹಾಗೆ ಗದರಿಸುತ್ತಾರೆ. ಹಾಗೆ ಗದರಿಸಿಕೊಂಡ ಹಾಸನದ ಯಜಮಾನರೊಬ್ಬರು ಆವೇಶದಲ್ಲಿ ಕಾಫಿ ಬಿಟ್ಟರು. ಊರು ಮುಟ್ಟುವ ಮೊದಲೇ ರೈಲಿನಿಂದ ಫೋನು: "ಸ್ವಾಮಿ, ತಲೆ ಸಿಡೀತಾ ಇದೆ, ಏನಾದ್ರೂ ಪ್ರಾಯಶ್ಚಿತ್ತ ಇದ್ರೆ ಹೇಳಿ, ಒಂದೇ ಲೋಟ!" ಶರ್ಮರು ಕರಗಲಿಲ್ಲ. "ಗಂಗೆಗೆ ಬಿಟ್ಟ ನೀರು ವಾಪಸ್ ಬರುತ್ತೇನ್ರೀ?" ಎಂದು ಫೋನಿಟ್ಟರು. ಆಮೇಲೆ ತಾವು ಮಾತ್ರ ಲೋಟದ ತುಂಬ ಕಾಫಿ ಹೀರಿದರು.

ಇದನ್ನೆಲ್ಲ ನೋಡಿ ನೋಡಿ ಕೃಷ್ಣಮ್ಮನಿಗೆ ಸಾಕಾಗಿತ್ತು.

"ಊರಿನೋರಿಗೆಲ್ಲ ಬಿಡಿಸ್ತೀರಲ್ಲ, ನೀವೇನು ಬಿಟ್ಟಿದ್ದೀರಿ?" ಎಂದು ಆಗಾಗ ಕೇಳುತ್ತಿದ್ದರು. "ಒಂದು ಸೈಕಲ್ಲಾದ್ರೂ ಗುಜರಿಯವನಿಗೆ ಹಾಕಿ. ಕಾಲು ಚಾಚೋಕೆ ಜಾಗ ಆಗುತ್ತೆ."

"ಕಾಶಿಗೆ ಬಂದವರು ಬಿಟ್ಟು ಹೋಗ್ಬೇಕು ಕಣೇ. ನಾವು ಇಲ್ಲೇ ಇರೋರು. ಬಿಟ್ಟು ಎಲ್ಲಿಗೆ ಹೋಗೋಣ?" ಎಂದು ಶರ್ಮರು ಜಾರಿಕೊಳ್ಳುತ್ತಿದ್ದರು.

ಈಗ ಐದನೆಯ ಸೈಕಲ್ಲಿನ ವಿಷಯಕ್ಕೆ ಬರೋಣ. ಅದು ಹಸಿರು. ಸಾರನಾಥದ ಆಚೆ ಒಬ್ಬ ರೈತನ ಹಿತ್ತಲಲ್ಲಿ ಅದಕ್ಕೆ ಸೋರೆಬಳ್ಳಿ ಹಬ್ಬಿಸಿದ್ದರು. ರಸ್ತೆಯಲ್ಲಿ ಹೋಗುತ್ತಿದ್ದ ಶರ್ಮರು ಎಲೆಗಳ ನಡುವೆ ಉಕ್ಕಿನ ಕೊಳವೆ ಕಂಡು, ಗಕ್ಕನೆ ಬ್ರೇಕು ಹಿಡಿದು, ಹಿಂದಿದ್ದ ಬ್ಯಾಟರಿ ರಿಕ್ಷಾದವನ ಕೈಲಿ ಬೈಸಿಕೊಂಡು, ಹಿತ್ತಲಿಗೆ ನುಗ್ಗಿದರು. ಕೊಳವೆಗಳು ಕೂಡುವ ಕಡೆ ಸಣ್ಣ ಹೂವಿನ ಕೆತ್ತನೆ! ಇಂಗ್ಲೆಂಡಿನ ಹಳೆಯ ಕೆಲಸ! ಅಲ್ಲೇ ನಿಂತು ಬೆಲೆ ಕೇಳಿದರು. ರೈತನೋ, ಕಾಯಿ ಮುಗಿಯುವ ತನಕ ಕೊಡುವುದಿಲ್ಲ ಎಂದು ಕೂತ. ಶರ್ಮರು ಸೋರೆಕಾಯಿಯ ಕಾಲ ಪೂರ್ತಿ ಕಾದರು. ಅವಸರಕ್ಕೆ ಅವನ ಸೋರೆಕಾಯಿಗಳನ್ನು ತಾವೇ ಕೊಂಡು ತಂದು ಸುರಿದರು. ಮನೆಯಲ್ಲಿ ಬೆಳಗ್ಗೆ ಸಂಜೆ ಸೋರೆಕಾಯಿ ಪಲ್ಯ, ಸೋರೆಕಾಯಿ ಹುಳಿ. ಕೃಷ್ಣಮ್ಮನ ಶಾಪ ಸೋರೆಕಾಯಿಗೆ ತಟ್ಟಿತೋ ಏನೋ, ಅಂತೂ ಬಳ್ಳಿ ಒಣಗಿತು.

ಮನೆಗೆ ತಂದ ಮೇಲೆ ಇನ್ನೊಂದು ರಾಮಾಯಣ. ಸೀಟಿನ ಕಂಬ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ರಿಪೇರಿ ಅಂಗಡಿಯ ಓಂಕಾರ್ ಮಿಸ್ತ್ರಿ ಅದನ್ನು ಎಳೆದೆಳೆದು ಸುಸ್ತಾಗಿ, "ಪಂಡಿತ್‌ಜೀ, ಇಸೇ ಭೀ ಮುಕ್ತಿ ದಿಲಾ ದೀಜಿಯೇ" ಎಂದು ಕೈ ಮುಗಿದ. ಕಾಶಿಗೆ ಬಂದ ಮೇಲೆ ಸೈಕಲ್ಲಿಗೂ ಮುಕ್ತಿ ಸಿಗಲಿ ಎಂದು ಅವನ ಮಾತು. "ಇದರ ವಯಸ್ಸೇನು ಮಹಾ ಆಯ್ತು!" ಎಂದು ಶರ್ಮರು ಹೊತ್ತು ತಂದು, ಸೀಮೆ ಎಣ್ಣೆ ಹುಯ್ದು, ದಿನಾ ಬೆಳಗ್ಗೆ ಜಪ ಮುಗಿಸಿ ಒಂದೊಂದು ಸುತ್ತು ತಿರುಗಿಸಲು ನೋಡಿದರು. ಒಂದು ಏಕಾದಶಿಯ ದಿನ ಕಂಬ ಕೀರಲು ದನಿಯಲ್ಲಿ ಕಿರುಗುಟ್ಟಿ ಅಲುಗಾಡಿತು. ದೇವರ ಪಾತ್ರೆ ತಿಕ್ಕಲು ಇಟ್ಟ ಹುಣಸೆಹಣ್ಣೆಲ್ಲ ರಿಮ್ಮಿನ ತುಕ್ಕಿಗೆ ಹೋಯಿತು. ಕೊನೆಗೆ ಗೇರಿನ ತಂತಿಯನ್ನೂ ಎಳೆದು ಕಟ್ಟಿ, ಪೆಡಲ್ ತಿರುಗಿಸಿದರೆ ಚೈನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ಸರಕ್ಕನೆ ಸರಿಯಿತು. ಶರ್ಮರ ಕಣ್ಣಲ್ಲಿ ನೀರು. ನಾಳೆ ಬರುವ ಯಾತ್ರಿಕರ ಕೆಲಸವೊಂದು ಮುಗಿಸಿದರೆ, ಮರುದಿನ ಬೆಳಗ್ಗೆ ಹಸಿರು ಸೈಕಲ್ಲಿನ ಮೊದಲ ಸವಾರಿ, ನೇರ ಸಾರನಾಥಕ್ಕೆ. ಇಷ್ಟು ದಿನ ಕಾದದ್ದೇ ಆ ಒಂದು ಬೆಳಗಿಗೆ.

ಮರುದಿನ ವಿಜಯಪುರದಿಂದ ಬಂದವರು ಇಬ್ಬರೇ. ಎಪ್ಪತ್ತು ದಾಟಿದ ಭಾಗೀರಥಮ್ಮ, ಅವರ ಮಗ ವಿನಯ. ಗಂಡನ ವರ್ಷಾಂತಿಕ ಮುಗಿಸಿ ಗಂಗಾಪೂಜೆಗೆಂದು ಬಂದಿದ್ದರು. ಬಾಗಿಲು ದಾಟಿದ ಮುದುಕಿ ಹಸಿರು ಸೈಕಲ್ ಕಂಡದ್ದೇ ನಿಂತುಬಿಟ್ಟರು. ಚೀಲ ಕೆಳಗಿಟ್ಟು, ಉಗುರಿನಿಂದ ಕೊಳವೆಗೆ ಟಿಣ್ ಎಂದು ಹೊಡೆದು ಕಿವಿಗೊಟ್ಟರು. ಆಮೇಲೆ ಒಂದು ಬೆರಳಿನಲ್ಲಿ ಎತ್ತಿ ನೋಡಿದರು.

"ಆಹಾ, ಏನ್ ಉಕ್ಕರೀ ಆಚಾರ್ರ ಇದು! ಹೂವಿನಂಗ ಹಗುರ ಅದ."

ಶರ್ಮರ ಎದೆ ಉಬ್ಬಿತು. ಇಷ್ಟು ವರ್ಷದಲ್ಲಿ ಆ ಮನೆಯ ಬಾಗಿಲಲ್ಲಿ ಇಂಥ ಮಾತಾಡಿದ ಯಾತ್ರಿಕರು ಒಬ್ಬರೂ ಇರಲಿಲ್ಲ. "ಅಮ್ಮಾ, ನಿಮಗೆ ಹೇಗೆ ಗೊತ್ತು?"

"ನಮ್ಮ ಯಜಮಾನ್ರು ರೇಸಿನ್ಯಾಗ ಓಡಸ್ತಿದ್ರು. ಮುಂಜಾನೆದ್ದು ಮೈಲುಗಟ್ಲೆ ಹೋಗಾವ್ರು, ಹೊಟ್ಟಿಗೆ ಏನೂ ಹಾಕ್ಕೊಳ್ತಿದ್ದಿಲ್ಲ. ನಾ ಇನ್ನೊಂದು ಸೈಕಲ್ ಹತ್ತಿ ರೊಟ್ಟಿ ಡಬ್ಬಿ ತಗೊಂಡು ಬೆನ್ನ ಹತ್ತತಿದ್ದೆ. ಡಬ್ಬಿ ಕೊಡಬೇಕಂದ್ರ ಅವರನ್ನ ಹಿಡೀಬೇಕು, ಹಿಡೀಬೇಕಂದ್ರ ಅವರಕಿಂತ ಜೋರು ಓಡಸಬೇಕು, ಹೌದಲ್ರೀ?"

"ಹಿಡೀತಿದ್ರಾ?"

"ಹಿಡೀದಿದ್ರ ರೊಟ್ಟಿ ಒಣಗತಿದ್ವು!" ಎಂದು ಭಾಗೀರಥಮ್ಮ ನಕ್ಕರು. ಈಗಲೂ ಸಂತೆಗೂ ಗುಡಿಗೂ ಅದೇ ಸೈಕಲ್ಲಿನಲ್ಲೇ ಹೋಗುತ್ತಾರಂತೆ. ಕೃಷ್ಣಮ್ಮ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತವರು ನಿಂತೇ ಇದ್ದರು, ಒಲೆಯ ಮೇಲೆ ಹಾಲು ಉಕ್ಕಿತು.

ಊಟವಾದ ಮೇಲೆ ವಿನಯ ಶರ್ಮರನ್ನು ಮಹಡಿಗೆ ಕರೆದುಕೊಂಡು ಹೋದ.

"ಆಚಾರ್ರ, ನಿಮ್ಮಿಂದ ಒಂದು ಉಪಕಾರ ಆಗಬೇಕು. ಹೋದ ಶ್ರಾವಣದಾಗ ಅವ್ವ ಸೈಕಲ್ ಮ್ಯಾಲಿಂದ ಬಿದ್ದು ಮೊಣಕೈ ಮುರ್ಕೊಂಡಾಳ. ಯಾರ ಮಾತೂ ಕೇಳಂಗಿಲ್ಲ. ಕಾಶಿಯೊಳಗ ಬಿಟ್ಟದ್ದು ಮಾತ್ರ ಬಿಟ್ಟಂಗ ಅಂತ ನಂಬ್ಯಾಳ. ನಾಳೆ ಸಂಕಲ್ಪದಾಗ ಸೈಕಲ್ ಸವಾರಿ ಬಿಡಿಸಿಬಿಡ್ರಿ. ನೀವು ಈ ವಿಷಯದಾಗ ಭಾಳ ಕಟ್ಟುನಿಟ್ಟು ಅಂತ ಕೇಳೀನಿ."

ಶರ್ಮರು ಬಗ್ಗಿ ಕೆಳಗಿನ ಹಸಿರು ಸೈಕಲ್ಲನ್ನು ನೋಡಿದರು. ಇಷ್ಟು ವರ್ಷ ಗಂಟಲು ಹರಿದುಕೊಂಡು ಕೇಳಿದ್ದು ಇದನ್ನೇ ಅಲ್ಲವೇ, ಜೀವಕ್ಕೆ ಹತ್ತಿರವಾದದ್ದನ್ನು ಬಿಡಿ ಎಂದು? ಕೊನೆಗೂ ಗದರಿಸುವ ಮೊದಲೇ ಹಾಗಲಕಾಯಿ ಅನ್ನದ ಯಾತ್ರಿಕರು ಸಿಕ್ಕರು. ಆದರೆ ಬಿಡಿಸಬೇಕಾದದ್ದು ಸೈಕಲ್ಲು! ಬೇಡ ಎನ್ನಲು ಯಾವ ಬಾಯಿ? ಮಗನ ಭಯವೂ ಸುಳ್ಳಲ್ಲ. ಕೆಳಗೆ ಬಂದು ಮುದುಕಿಯನ್ನೇ ಮೆಲ್ಲಗೆ ಕೇಳಿದರು: "ಅಮ್ಮಾ, ನಿಮಗೆ ಮನಸ್ಸಿದೆಯಾ?"

ಭಾಗೀರಥಮ್ಮ ಗೇರಿನ ಹಲ್ಲುಗಳ ಮೇಲೆ ಕೈಯಾಡಿಸುತ್ತ ಕೂತಿದ್ದರು. "ಮಗ ಅಂಜ್ಯಾನ್ರೀ. ನಾ ಹೊರಗ ಹೋದ್ರ ಬಾಗಲಾ ಕಾಯ್ಕೋತ ನಿಂದರ್ತಾನ. ಬಿಡ್ತೀನಿ ಅಂತ ಮಾತು ಕೊಟ್ಟೀನಿ." ಆಮೇಲೆ ದನಿ ತಗ್ಗಿಸಿ, "ಅದರ ಮ್ಯಾಲೆ ಕೂತಾಗ ಅವರು ಇನ್ನೂ ಮುಂದ ಹೊಂಟಾರ, ನಾ ಹಿಂದಿಂದ ಡಬ್ಬಿ ತಗೊಂಡು ಹೊಂಟೀನಿ ಅನಸ್ತದ. ಅಷ್ಟ," ಎಂದರು.

ಶರ್ಮರಿಗೆ ಅವತ್ತು ರಾತ್ರಿ ಊಟ ಸೇರಲಿಲ್ಲ.

ಬೆಳಗ್ಗೆ ಕೇದಾರ ಘಾಟಿನ ಕೊನೆಯ ಮೆಟ್ಟಿಲಲ್ಲಿ ಎಲ್ಲರೂ ಕೂತರು. ದಕ್ಷಿಣದವರ ಗಂಗಾಪೂಜೆ ಎಂದರೆ ಕೃಷ್ಣಮ್ಮನೂ ಬಾಗಿನದ ಮೊರ ಹಿಡಿದು ಬರುವುದು ವಾಡಿಕೆ. ಪೂಜೆ, ಆರತಿ, ಎಲ್ಲ ಸರಾಗವಾಗಿ ಆಯಿತು. ಉಳಿದದ್ದು ಬಿಡುವ ಸಂಕಲ್ಪ. ಯಾತ್ರಿಕರಿಗೆ ಕೈ ಹೇಗೆ ಹಿಡಿಯಬೇಕೆಂದು ತಿಳಿಯುವುದಿಲ್ಲ, ಅದಕ್ಕೆ ಶರ್ಮರು ತಾವೂ ಅಂಗೈಯಲ್ಲಿ ನೀರು ಹಿಡಿದು ತೋರಿಸುತ್ತಾರೆ. ಮಂತ್ರ ಮುಗಿದಾಗ ಅವರು ಬಿಡುತ್ತಾರೆ, ಇವರು ತಮ್ಮ ನೀರನ್ನು ಮೆಲ್ಲಗೆ ತಂಬಿಗೆಗೆ ವಾಪಸ್ ಹಾಕಿಕೊಳ್ಳುತ್ತಾರೆ. ವರ್ಷಗಟ್ಟಲೆಯ ಅಭ್ಯಾಸ.

"ಅಸೀವರುಣಯೋರ್ಮಧ್ಯೇ, ಆನಂದವನೇ, ಮಹಾಶ್ಮಶಾನೇ..." ಎಂದು ಶರ್ಮರು ಶುರುಮಾಡಿದರು. ಬಾಯಿ ತನ್ನ ಪಾಡಿಗೆ ಹೇಳುತ್ತಿತ್ತು, ಕಣ್ಣು ಮಾತ್ರ ಭಾಗೀರಥಮ್ಮನ ಕೈ ಮೇಲೆ. ಹ್ಯಾಂಡಲ್ ಹಿಡಿದು ಹಿಡಿದು ಜಡ್ಡುಗಟ್ಟಿದ ಅಂಗೈ, ಮುರಿದು ಕೂಡಿಕೊಂಡ ಮೊಣಕೈ. ಈ ಕೈಗೆ ಇನ್ನು ಮೇಲೆ ಹ್ಯಾಂಡಲ್ ಇಲ್ಲ. ನಾಳೆ ಬೆಳಗ್ಗೆ ತಾನು ಮಾತ್ರ ಹಸಿರು ಸೈಕಲ್ ಹತ್ತಿ ಗಾಳಿಗೆ ಮುಖ ಒಡ್ಡಿಕೊಂಡು ಹೋಗುವುದು. ಥೂ, ಎಂಥ ಪಾಪಿ ನಾನು! ಹೀಗೆ ಮನಸ್ಸು ತನ್ನ ಹಿಂದೆ ತಾನೇ ಸುತ್ತುತ್ತಿರುವಾಗ, ಗೋತ್ರ ಹೆಸರು ಹೇಳುವ ಜಾಗ ಬಂತು. ದಿನಾ ಸಂಧ್ಯಾವಂದನೆಯಲ್ಲಿ ಹೇಳಿ ಹೇಳಿ ನಾಲಿಗೆಗೆ ಅಂಟಿದ್ದು ತಾನಾಗಿ ಹೊರಬಿತ್ತು:

"ಕೌಶಿಕ ಗೋತ್ರೋತ್ಪನ್ನಃ ಬದರೀನಾರಾಯಣ ಶರ್ಮಾ ಅಹಂ, ದ್ವಿಚಕ್ರಿಕಾರೋಹಣಂ ತ್ಯಜಾಮಿ!"

ಸೈಕಲ್ ಹತ್ತುವುದನ್ನು ನಾನು ಬಿಟ್ಟೆ ಎಂದು ಹೇಳಿ, ಅಂಗೈ ಬಗ್ಗಿಸಿ, ನೀರನ್ನು ಗಂಗೆಗೆ ಬಿಟ್ಟೇಬಿಟ್ಟರು.

ಭಾಗೀರಥಮ್ಮ ಇನ್ನೂ ನೀರು ಹಿಡಿದೇ ಕೂತಿದ್ದರು.

"ಆಚಾರ್ರ, ನನ್ನ ಹೆಸರು ಬರಲೇ ಇಲ್ಲಲ್ರೀ. ನಿಮ್ಮ ಹೆಸರು ಬಂತು."

ಶರ್ಮರು ತಮ್ಮ ಖಾಲಿ ಅಂಗೈ ನೋಡಿಕೊಂಡರು. ನೀರನ್ನು ನೋಡಿದರು. ಮುಖದಲ್ಲಿ ರಕ್ತವೇ ಇರಲಿಲ್ಲ. ಹಿಂದೆ ಮೊರ ಹಿಡಿದು ನಿಂತಿದ್ದ ಕೃಷ್ಣಮ್ಮ ಮಾತ್ರ, "ಅಬ್ಬಾ, ವಿಶ್ವನಾಥಾ! ಕೊನೆಗೂ ಕಣ್ಣು ಬಿಟ್ಟೆಯಪ್ಪಾ!" ಎಂದು ಎರಡೂ ಕೈಯೆತ್ತಿ ಮುಗಿದರು. ಬಾಗಿನದ ಬಾಳೆಹಣ್ಣೆಲ್ಲ ಮೆಟ್ಟಿಲ ಮೇಲೆ ಉರುಳಿದವು.

"ಬಾಯಿ ತಪ್ಪಿತು ಕಣೇ," ಎಂದು ಶರ್ಮರು ತೊದಲಿದರು.

"ಬಾಯಿ ತಪ್ಪಿದ್ರೂ ಕೈ ತಪ್ಪಿಲ್ವಲ್ಲ. ಗಂಗೆಗೆ ಬಿಟ್ಟ ನೀರು ವಾಪಸ್ ಬರುತ್ತೇನ್ರೀ?"

ಹಾಸನದ ಯಜಮಾನರು ರೈಲಿನಲ್ಲಿ ಕೂತು ನಕ್ಕಂತೆ ಶರ್ಮರಿಗೆ ಕೇಳಿಸಿತು. ಬೇರೆ ಯಾರಾದರೂ ಆಗಿದ್ದರೆ ಏನೋ ಒಂದು ದಾರಿ ಹುಡುಕಬಹುದಿತ್ತು. ಆ ದಾರಿಗಳನ್ನೆಲ್ಲ ಒಂದೊಂದಾಗಿ ಮುಚ್ಚಿಸಿದವರು ಇವರೇ ತಾನೆ?

ವಿನಯ ಚಡಪಡಿಸಿದ. "ಆದದ್ದು ಆತು ಬಿಡ್ರಿ ಆಚಾರ್ರ. ಈಗ ಅವ್ವನ ಹೆಸರು ಹೇಳಿ ಇನ್ನೊಮ್ಮೆ ಮಾಡ್ರಿ."

ಶರ್ಮರು ಮುದುಕಿಯ ಮುಖ ನೋಡಿದರು. ಆಕೆ ಕಳೆದುಕೊಳ್ಳಬೇಕಾದದ್ದು ಏನೆಂಬುದು ಈಗ ಇವರಿಗೆ ಸ್ವಂತ ಅನುಭವದಿಂದ ಗೊತ್ತಾಗಿತ್ತು. ಕೇಳಿದರು: "ಅಮ್ಮಾ, ಇದು ಹೊಸ ಸಂಕಲ್ಪ. ಏನು ಬಿಡ್ತೀರಿ ಅಂತ ನೀವೇ ಮತ್ತೆ ಹೇಳ್ಬೇಕು. ಯಾವುದಾದ್ರೂ ಸರಿ." ತಂಬಿಗೆಯ ಕಡೆ ನೋಡುತ್ತ, "ತರಕಾರಿ ಆದ್ರೂ ಸರಿ," ಎಂದು ಸೇರಿಸಿದರು.

ಭಾಗೀರಥಮ್ಮನ ಕಣ್ಣು ಮಿನುಗಿತು. "ಹಂಗಾದ್ರ ಹಾಗಲಕಾಯಿ ಬಿಡ್ತೀನ್ರಿ."

"ಅವ್ವಾ! ನೀ ಹಾಗಲಕಾಯಿ ಎಂದ ತಿಂದಿ?" ಎಂದು ಮಗ ಕೂಗಿಕೊಂಡ.

"ಸುಮ್ನಿರಪ್ಪಾ, ಮಂತ್ರದ ನಡುವೆ ಮಾತಾಡಬಾರದು!" ಎಂದು ಶರ್ಮರು ಗದರಿಸಿ, ಅಕ್ಷರ ಅಕ್ಷರ ಬಿಡಿಸಿ, ಭಾಗೀರಥಮ್ಮನ ಗೋತ್ರ, ಹೆಸರು ಎರಡನ್ನೂ ಎರಡೆರಡು ಸಲ ಹೇಳಿ, ಹಾಗಲಕಾಯಿಯನ್ನು ಬಿಡಿಸಿದರು. ಆ ಘಾಟಿನಲ್ಲಿ ಅಷ್ಟು ಭಕ್ತಿಯಿಂದ ಹಾಗಲಕಾಯಿಯನ್ನು ಬಿಡಿಸಿದ್ದು ಅದೇ ಮೊದಲು. ವಿನಯನ ಮುಖ ಊದಿತ್ತು. ತಾಯಿ ಅವನ ಬೆನ್ನು ಸವರಿ, "ಸಂತಿಗೆ ಹೋಗೂದು ಬಿಡ್ತೀನಪ್ಪಾ. ಮುಂಜಾನೆ ಮೈದಾನದಾಗ ಎರಡು ಸುತ್ತು ಅಷ್ಟ. ನೀ ತಂದಿಟ್ಟೀಯಲ್ಲ, ಆ ಗಡಿಗಿಯಂಥಾ ಟೊಪ್ಪಿಗಿ, ಅದನ್ನೂ ಹಾಕ್ಕೋತೀನಿ," ಎಂದರು. ಅವನು ಬೇರೆ ದಾರಿಯಿಲ್ಲದೆ ತಲೆಯಾಡಿಸಿದ.

ಮರುದಿನ ಬೆಳಗ್ಗೆ ಶರ್ಮರು ಅಭ್ಯಾಸದಂತೆ ಕಚ್ಚೆ ಬಿಗಿದು, ಟೋಪಿ ಹಾಕಿಕೊಂಡು ಜಗಲಿಗೆ ಬಂದರು. ಬಂದ ಮೇಲೆ ನೆನಪಾಯಿತು. ಹಸಿರು ಸೈಕಲ್ಲಿನ ಪಕ್ಕದಲ್ಲಿ ಕುಸಿದು ಕೂತರು. ಭಾಗೀರಥಮ್ಮ ಎದ್ದು ಬಂದವರು ನೋಡಿ, "ಹಿಂಗ ನಿಲ್ಲಿಸಿದ್ರ ಮತ್ತ ತುಕ್ಕು ತಿಂತದ. ನಡೀರಿ, ನಮಗ ಸಾರನಾಥ ತೋರಸ್ರಿ," ಎಂದು ಸೀರೆಯ ಕಚ್ಚೆ ಬಿಗಿಮಾಡಿಕೊಂಡರು. ಅವರದು ಯಾವತ್ತೂ ಕಚ್ಚೆ ಸೀರೆಯೇ.

ಗಲ್ಲಿಯುದ್ದಕ್ಕೂ ಶರ್ಮರೇ ಸೈಕಲ್ ಹೊತ್ತರು. ಹೊರುವುದನ್ನೇನೂ ಅವರು ಬಿಟ್ಟಿರಲಿಲ್ಲವಲ್ಲ. ಅದನ್ನು ಆಟೋದ ಹಿಂದೆ ಕಟ್ಟಿಕೊಂಡು ನಾಲ್ವರೂ ಹೊರಟು, ವರುಣಾ ಸೇತುವೆ ದಾಟಿ ರಸ್ತೆ ಬಿಡುವಾದ ಕಡೆ ಇಳಿಸಿದರು. ಭಾಗೀರಥಮ್ಮ ಹತ್ತಿದರು. ಎರಡು ಸಲ ಓಲಾಡಿದರು, ವಿನಯ ಕಣ್ಣು ಮುಚ್ಚಿಕೊಂಡ. ಆಮೇಲೆ ಬೆನ್ನು ಬಾಗಿತು, ಮೊಣಕೈ ಒಳಗೆ ಸೇರಿತು, ಹಸಿರು ಸೈಕಲ್ಲು ಹೊರಟೇಹೋಯಿತು. ಆಟೋದವನೇ "ಅರೇ ಮಾತಾಜೀ!" ಎಂದು ಬಾಯಿ ಬಿಟ್ಟ.

ಆಟೋದಲ್ಲಿ ಕೂತ ಶರ್ಮರು ತಲೆ ಹೊರಗೆ ಹಾಕಿ, "ಗೇರು ಬದಲಾಯಿಸಿ ಅಮ್ಮಾ, ಗೇರು!" ಎಂದು ಕೂಗುತ್ತಿದ್ದರು. ಇಳಿಜಾರು ಬಂದಾಗ ಅವರ ಎರಡೂ ಕೈ ಇಲ್ಲದ ಬ್ರೇಕನ್ನು ಹಿಡಿಯುತ್ತಿದ್ದವು, ಏರು ಬಂದಾಗ ಕಾಲುಗಳು ಇಲ್ಲದ ಪೆಡಲನ್ನು ತುಳಿಯುತ್ತಿದ್ದವು. ಕೃಷ್ಣಮ್ಮ ಒಮ್ಮೆ ಮುಂದೆ ಹೋಗುವ ಮುದುಕಿಯನ್ನು ನೋಡಿದರು, ಒಮ್ಮೆ ಪಕ್ಕದಲ್ಲಿ ಕೂತ ಗಂಡನನ್ನು ನೋಡಿದರು. ನಿನ್ನೆಯಿಂದ ಮುಖದಲ್ಲಿದ್ದ ನಗು ಎಲ್ಲೋ ಇಳಿದುಹೋಗಿತ್ತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತರು.

ಸಾರನಾಥದಲ್ಲಿ ಭಾಗೀರಥಮ್ಮ ಇಳಿದು, ಬೆವರು ಒರೆಸಿಕೊಂಡು, "ಮೂರನೇ ಗೇರು ಸ್ವಲ್ಪ ಜಾರ್ತದ್ರಿ, ತಂತಿ ಬಿಗಿ ಮಾಡ್ರಿ," ಎಂದರು. ಆಮೇಲೆ ಸೀಟಿನ ಮೇಲೆ ಕೈಯಿಟ್ಟು, "ಭಾಳ ದಿನದ ಮ್ಯಾಲೆ ಅವರನ್ನ ಹಿಡದಂಗ ಆತು," ಎಂದರು. ವಿನಯ ತಾಯಿಯ ಕೈಹಿಡಿದು ಸ್ತೂಪದ ಕಡೆ ಕರೆದುಕೊಂಡು ಹೋದ.

ಶರ್ಮರು ನೆಲದಲ್ಲಿ ಕೂತು ತಂತಿ ಬಿಗಿ ಮಾಡತೊಡಗಿದರು. ಕೃಷ್ಣಮ್ಮ ಹತ್ತಿರ ಬಂದು ನಿಂತರು.

"ರೀ, ನಿನ್ನೆ ಸಂಕಲ್ಪದಲ್ಲಿ 'ಧರ್ಮಪತ್ನೀ ಸಮೇತಸ್ಯ' ಅಂದ್ರಾ?"

ಶರ್ಮರು ನೆನಪು ಮಾಡಿಕೊಂಡರು. ಹೆಂಡತಿಯ ಹೆಸರು ಸೇರಿದರೆ ಸಂಕಲ್ಪ ಇಬ್ಬರಿಗೂ ತಗಲುತ್ತದೆ. "ಇಲ್ಲ. ನಾನೊಬ್ಬನೇ. ಯಾಕೆ?"

"ಹಾಗಾದ್ರೆ ನಾನೇನೂ ಬಿಟ್ಟ ಹಾಗಾಗ್ಲಿಲ್ಲ ಅಲ್ವಾ?"

"ಇಲ್ಲ."

ಕೃಷ್ಣಮ್ಮ ಅತ್ತಿತ್ತ ನೋಡಿದರು. ಬೆಳಗಿನ ರಸ್ತೆಯಲ್ಲಿ ಅಷ್ಟಾಗಿ ಜನ ಇರಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನೆರಿಗೆ ಎತ್ತಿ ಹಿಂದಕ್ಕೆ ಕಚ್ಚೆ ಹಾಕಲು ನೋಡಿದರು, ಬರಲಿಲ್ಲ, ಮತ್ತೆ ನೋಡಿದರು.

"ಹಿಂದಿನಿಂದ ಗಟ್ಟಿಯಾಗಿ ಹಿಡ್ಕೊಳ್ಳಿ ಮತ್ತೆ. ಬೀಳಿಸಿದ್ರೆ ಮನೆಯಲ್ಲಿ ಸೋರೆಕಾಯಿ ಬಿಟ್ಟು ಬೇರೆ ಏನೂ ಬೇಯಲ್ಲ," ಎಂದರು.

ಶರ್ಮರು ಎದ್ದು ನಿಂತು ಎರಡೂ ಕೈಯಲ್ಲಿ ಸೀಟು ಹಿಡಿದರು. ಕೃಷ್ಣಮ್ಮ ಹತ್ತಿದರು, ಸೈಕಲ್ಲು ಎಡಕ್ಕೆ ವಾಲಿತು, ಬಲಕ್ಕೆ ವಾಲಿತು, "ಅಯ್ಯಯ್ಯೋ, ಬಿಡಬೇಡ್ರೀ, ಬಿಡಬೇಡಿ!" ಎಂದು ಅವರು ಕೂಗುತ್ತಿದ್ದರೆ, ಉಲ್ಲನ್ ಟೋಪಿಯ ಪುರೋಹಿತರು ಏದುಸಿರು ಬಿಡುತ್ತ ಹಿಂದೆ ಹಿಂದೆ ಓಡಿದರು.

"ಬಿಡಲ್ಲ ಕಣೇ, ನೀನು ತುಳಿ!"